ಬಾಯಿಲ್ಲದ ಜೀವಿಯ ಊಟ

ಬ್ಯಾಕ್ಟೀರಿಯಕ್ಕೆ ಬಾಯಿಯಿಲ್ಲ, ಜಠರವಿಲ್ಲ, ಆಹಾರವನ್ನು ಹಿಡಿದು ತುಂಡರಿಸುವ ಅಂಗವೂ ಇಲ್ಲ. ಆದರೂ ಒಂದು ಎರಡಾಗಿ ಒಡೆಯುವ ಮುನ್ನ ತನ್ನ ಮೈಯಲ್ಲಿರುವಷ್ಟೇ ಪದಾರ್ಥವನ್ನು ಅದು ಹೊರಗಿನಿಂದ ಒಳಕ್ಕೆ ತಂದುಕೊಂಡಿರಲೇಬೇಕು. ಪಠ್ಯಪುಸ್ತಕಗಳೂ ಜನಪ್ರಿಯ ಬರಹಗಳೂ ಈ ಜೀವಿಗಳ ಸಂಖ್ಯೆ ಏರುವ ವೇಗವನ್ನು ಹೇಳುವಷ್ಟು ಉತ್ಸಾಹದಿಂದ ಅವು ಉಣ್ಣುವ ಬಗೆಯನ್ನು ಹೇಳುವುದಿಲ್ಲ. ವೇಗದ ಲೆಕ್ಕವೇನೋ ಬೆರಗು ಹುಟ್ಟಿಸುವಂಥದ್ದೇ. ಮಕ್ಕಳ ವೈದ್ಯರಾಗಿದ್ದ ಥಿಯೊಡೋರ್ ಎಶ್ಚರಿಶ್ ಅವರು 1885ರಲ್ಲಿ ಶಿಶುಗಳ ಮಲದಲ್ಲಿ ಗುರುತಿಸಿದ, ಮುಂದೆ ಅವರ ಹೆಸರನ್ನೇ ಪಡೆದ ಇ. ಕೋಲಿ ಎಂಬ ಬ್ಯಾಕ್ಟೀರಿಯವು ಸಮೃದ್ಧ ಆಹಾರವಿರುವ ದ್ರಾವಣದಲ್ಲಿ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಒಂದು ಕೋಶದ ತೂಕ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು. ಅದೇ ವೇಗದಲ್ಲಿ ತಡೆಯಿಲ್ಲದೆ ಮುಂದುವರಿದರೆ ಒಂದು ಹಗಲು ಒಂದು ರಾತ್ರಿಯಲ್ಲಿ ಆ ಒಂದೇ ಕೋಶದ ಸಂತತಿ ನಾಲ್ಕು ಸಾವಿರ ಟನ್ನುಗಳನ್ನು ಮೀರುತ್ತದೆ, ಎರಡನೆಯ ದಿನ ಮುಗಿಯುವುದರೊಳಗೆ ಭೂಮಿಗಿಂತ ಸಾವಿರಾರು ಪಟ್ಟು ತೂಗುತ್ತದೆ. ಹಾಗೆ ಎಲ್ಲಿಯೂ ಆಗಿಲ್ಲ. ಇಪ್ಪತ್ತು ನಿಮಿಷವೆಂಬುದು ಪ್ರಯೋಗಾಲಯದ ಔತಣದ ಅಂಕಿ. ಹೊರಗಿನ ಜಗತ್ತಿನಲ್ಲಿ ಬ್ಯಾಕ್ಟೀರಿಯದ ಬದುಕನ್ನು ನಿರ್ಧರಿಸುವುದು ಒಡೆಯುವ ಸಾಮರ್ಥ್ಯವಲ್ಲ, ಆಹಾರ ಬಂದು ತಲುಪುವ ವೇಗ ಮತ್ತು ಬಂದದ್ದನ್ನು ಒಳಗೆ ಬಿಟ್ಟುಕೊಳ್ಳುವ ದ್ವಾರಗಳು.

ಬೇಕಾದದ್ದೇನು ಎಂಬ ಪ್ರಶ್ನೆಗೆ ಉತ್ತರ ಸರಳ. ಕೋಶದ ತೂಕದಲ್ಲಿ ಸುಮಾರು ಶೇ 70ರಷ್ಟು ನೀರು. ನೀರನ್ನು ತೆಗೆದ ಮೇಲೆ ಉಳಿಯುವ ಒಣ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ, ಮಿಕ್ಕದ್ದರಲ್ಲಿ ಆಮ್ಲಜನಕ, ಸಾರಜನಕ, ಜಲಜನಕ, ರಂಜಕ, ಗಂಧಕ, ಜೊತೆಗೆ ಪೊಟ್ಯಾಸಿಯಂ, ಮೆಗ್ನೀಸಿಯಂ, ಕಬ್ಬಿಣ ಮೊದಲಾದವು. ಇ. ಕೋಲಿಗೆ ಗ್ಲೂಕೋಸ್ ಎಂಬ ಒಂದು ಸಕ್ಕರೆ ಮತ್ತು ಕೆಲವು ಲವಣಗಳನ್ನು ಮಾತ್ರ ಕೊಟ್ಟರೂ ತನ್ನ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನೂ ಜೀವಸತ್ವಗಳನ್ನೂ ಡಿಎನ್‌ಎಯನ್ನೂ ತಾನೇ ಕಟ್ಟಿಕೊಳ್ಳುತ್ತದೆ. ಆಗ ಅದು ಒಡೆಯಲು ಹೆಚ್ಚು ಸಮಯ ಹಿಡಿಯುತ್ತದೆ, ಅಷ್ಟೇ. ಮನುಷ್ಯನಿಗೆ ಈ ಸಾಮರ್ಥ್ಯವಿಲ್ಲ.

ಕಷ್ಟದ ಪ್ರಶ್ನೆ ಬೇಕಾದದ್ದು ಕೋಶವನ್ನು ತಲುಪುವುದು ಹೇಗೆಂಬುದು. ಇಲ್ಲಿ ಕೆಲಸ ಮಾಡುವುದು ವಿಸರಣೆ, ಅಂದರೆ ಅಣುಗಳು ತಮ್ಮ ನಿರಂತರ ಚಲನೆಯಿಂದಾಗಿ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಡಿಕೊಳ್ಳುವ ಕ್ರಿಯೆ. ನೀರಿನಲ್ಲಿ ಒಂದು ಗ್ಲೂಕೋಸ್ ಅಣು ಒಂದು ಮೈಕ್ರೋಮೀಟರ್, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ದಾಟಲು ಸುಮಾರು ಒಂದು ಮಿಲಿಸೆಕೆಂಡ್ ಸಾಕು. ಆದರೆ ಅದೇ ಅಣು ಒಂದು ಸೆಂಟಿಮೀಟರ್ ಸರಿಯಲು ಹತ್ತಿರ ಹತ್ತಿರ ಒಂದು ದಿನ ಬೇಕು, ಏಕೆಂದರೆ ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟಾಗುತ್ತದೆ. ಬ್ಯಾಕ್ಟೀರಿಯಗಳು ಇಷ್ಟು ಚಿಕ್ಕವಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ದೇಹ ಚಿಕ್ಕದಾದಷ್ಟೂ ಒಳಗಿನ ಗಾತ್ರಕ್ಕೆ ಹೋಲಿಸಿದರೆ ಹೊರಮೈಯ ವಿಸ್ತಾರ ಹೆಚ್ಚುತ್ತದೆ, ಆಹಾರ ಬರುವುದು ಹೊರಮೈಯಿಂದಲೇ ಆದ್ದರಿಂದ ಚಿಕ್ಕದ್ದಕ್ಕೆ ಲಾಭ. ಈ ನಿಯಮಕ್ಕೆ ಅಪವಾದದಂತೆ ಕಾಣುವ ಜೀವಿಗಳೂ ನಿಯಮವನ್ನೇ ಪಾಲಿಸುತ್ತವೆ: ನಮೀಬಿಯದ ಕಡಲ ತಳದ ಕೆಸರಿನಲ್ಲಿ 1997ರಲ್ಲಿ ಸಿಕ್ಕ ಥಿಯೊಮಾರ್ಗರೀಟ ಎಂಬ ಬ್ಯಾಕ್ಟೀರಿಯ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು, ಆದರೆ ಅದರ ಒಳಗನ್ನು ಬಹುಪಾಲು ತುಂಬಿರುವುದು ನೈಟ್ರೇಟ್ ಕೂಡಿಟ್ಟ ದ್ರವದ ಚೀಲ, ಜೀವಂತ ಪದಾರ್ಥವು ಅದರ ಸುತ್ತ ತೆಳ್ಳನೆಯ ಪದರವಾಗಿ ಮಾತ್ರ ಇದೆ.

ಸುತ್ತಲಿನ ನೀರನ್ನು ಕಲಕಿ ಆಹಾರವನ್ನು ತನ್ನೆಡೆಗೆ ಸೆಳೆದುಕೊಳ್ಳಬಾರದೇ ಎಂದು ಕೇಳಬಹುದು. ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ ಅವರು 1977ರಲ್ಲಿ ತೋರಿಸಿಕೊಟ್ಟಂತೆ, ಅಷ್ಟು ಚಿಕ್ಕ ಜೀವಿಗೆ ನೀರು ಜೇನಿನಂತೆ ಅಂಟುವುದರಿಂದ ಕಲಕುವುದರಿಂದ ಸಿಗುವ ಲಾಭ ಬಹಳ ಕಡಿಮೆ, ಅದಕ್ಕಿಂತ ಬೇಗ ವಿಸರಣೆಯೇ ಅಣುಗಳನ್ನು ತಂದು ಮುಟ್ಟಿಸುತ್ತದೆ. ಈಜುವುದರ ಉದ್ದೇಶ ಬೇರೆ: ಆಹಾರ ಇನ್ನೂ ಹೆಚ್ಚಿರುವ ಜಾಗವನ್ನು ಹುಡುಕುವುದು. ಇ. ಕೋಲಿಯು ತಿರುಗುವ ಬಾಲಗಳಿಂದ ಸೆಕೆಂಡಿಗೆ ತನ್ನ ಮೈಯುದ್ದದ ಹತ್ತಾರು ಪಟ್ಟು ಮುಂದೆ ಸಾಗಿ, ಕ್ಷಣ ಹೊತ್ತು ಗಿರಕಿ ಹೊಡೆದು, ಬೇರೊಂದು ದಿಕ್ಕು ಹಿಡಿಯುತ್ತದೆ. ಆಹಾರ ಹೆಚ್ಚುತ್ತಿದೆಯೆಂದು ತಿಳಿದರೆ ಗಿರಕಿಯನ್ನು ಮುಂದೂಡುತ್ತದೆ. ಅದೇ ವರ್ಷ ಹೊವಾರ್ಡ್ ಬರ್ಗ್ ಅವರೊಂದಿಗೆ ಪರ್ಸೆಲ್ ಮಾಡಿದ ಇನ್ನೊಂದು ಲೆಕ್ಕ ಇನ್ನಷ್ಟು ಸೋಜಿಗದ್ದು. ಕೋಶದ ಹೊರಮೈಯ ಅತ್ಯಲ್ಪ ಭಾಗವನ್ನು ಮಾತ್ರ ಆಹಾರ ಹಿಡಿಯುವ ಪ್ರೋಟೀನುಗಳು ಆವರಿಸಿದ್ದರೂ, ಅವು ಚದುರಿಕೊಂಡಿದ್ದರೆ, ಇಡೀ ಮೈಯೇ ಹಿಡಿಯುವಂತಿದ್ದಾಗ ಸಿಗಬಹುದಾದದ್ದರ ಅರ್ಧದಷ್ಟು ಅಣುಗಳು ಸಿಗುತ್ತವೆ; ಏಕೆಂದರೆ ಒಮ್ಮೆ ಮೈ ತಾಕಿದ ಅಣು ದೂರ ಹೋಗುವ ಮುನ್ನ ಅಲ್ಲಲ್ಲೇ ಮತ್ತೆ ಮತ್ತೆ ತಾಕುತ್ತದೆ. ಹೀಗಾಗಿ ಒಂದೇ ಹೊರಮೈಯಲ್ಲಿ ಹತ್ತಾರು ಬಗೆಯ ಆಹಾರಗಳಿಗೆ ಪ್ರತ್ಯೇಕ ದ್ವಾರಗಳನ್ನಿಡಲು ಜಾಗವಿದೆ.

ಆ ದ್ವಾರಗಳ ವ್ಯವಸ್ಥೆ ಬ್ಯಾಕ್ಟೀರಿಯದ ಬದುಕಿನಲ್ಲೇ ಅತ್ಯಂತ ಸೂಕ್ಷ್ಮವಾದ ಭಾಗ. ಇ. ಕೋಲಿಯಂಥ ಕೋಶಕ್ಕೆ ಎರಡು ಪೊರೆಗಳಿವೆ. ಹೊರಪೊರೆಯಲ್ಲಿ ಪೋರಿನ್ ಎಂಬ ಪ್ರೋಟೀನುಗಳಿಂದಾದ ನೀರು ತುಂಬಿದ ಕಿಂಡಿಗಳಿದ್ದು, ಸುಮಾರು 600 ಡಾಲ್ಟನ್‌ಗಿಂತ ಹಗುರವಾದ ಅಣುಗಳು ಇವುಗಳ ಮೂಲಕ ತಾವಾಗಿ ನುಸುಳುತ್ತವೆ. ಡಾಲ್ಟನ್ ಎಂಬುದು ಅಣುಗಳನ್ನು ತೂಗುವ ಮಾನ, ಹೆಚ್ಚುಕಡಿಮೆ ಒಂದು ಜಲಜನಕ ಪರಮಾಣುವಿನ ತೂಕ. ಗ್ಲೂಕೋಸಿನ ತೂಕ 180. ಪಿಷ್ಟ, ಪ್ರೋಟೀನುಗಳಂಥ ದೊಡ್ಡ ಅಣುಗಳು ಹೊರಗೇ ನಿಲ್ಲುತ್ತವೆ, ಅವುಗಳನ್ನು ತಿನ್ನಬಲ್ಲ ಬ್ಯಾಕ್ಟೀರಿಯಗಳು ಕಿಣ್ವಗಳನ್ನು ಹೊರಕ್ಕೆ ಸ್ರವಿಸಿ, ಆಹಾರವನ್ನು ಹೊರಗೇ ಜೀರ್ಣಿಸಿ, ತುಣುಕುಗಳನ್ನು ಮಾತ್ರ ಹೀರುತ್ತವೆ. ಒಳಪೊರೆಯ ಸ್ವಭಾವ ಕಟ್ಟುನಿಟ್ಟಿನದು: ಅದು ಎಣ್ಣೆಯ ಗುಣದ ಪದರವಾದ್ದರಿಂದ ಸಕ್ಕರೆಯಾಗಲಿ ಲವಣವಾಗಲಿ ಅದನ್ನು ತಾನಾಗಿ ದಾಟಲಾರದು, ಪ್ರತಿಯೊಂದಕ್ಕೂ ಅದರದೇ ಸಾಗಣೆ ಪ್ರೋಟೀನ್ ಬೇಕು. ಮೇಲಾಗಿ ಹೊರಗೆ ಅತ್ಯಲ್ಪವಾಗಿರುವುದನ್ನು ಒಳಗೆ ಹೆಚ್ಚಾಗಿ ಕೂಡಿಡುವುದೆಂದರೆ ವಿಸರಣೆಯ ದಿಕ್ಕಿಗೆ ವಿರುದ್ಧವಾಗಿ ಎಳೆಯುವುದು, ಅದಕ್ಕೆ ಶಕ್ತಿ ವ್ಯಯವಾಗಲೇಬೇಕು.

ಈ ವ್ಯಯವನ್ನು ಬ್ಯಾಕ್ಟೀರಿಯ ಮುಖ್ಯವಾಗಿ ಮೂರು ಬಗೆಯಲ್ಲಿ ಭರಿಸುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಳಕ್ಕೆ ತರುವ ಪ್ರೋಟೀನು ಪ್ರೋಟಾನುಗಳ ಒತ್ತಡವನ್ನು ಬಳಸುತ್ತದೆ. ಕೋಶವು ಉಸಿರಾಟದ ಶಕ್ತಿಯಿಂದ ಪ್ರೋಟಾನುಗಳನ್ನು, ಅಂದರೆ ಜಲಜನಕದ ಅಯಾನುಗಳನ್ನು, ಪೊರೆಯಾಚೆಗೆ ತಳ್ಳುತ್ತಲೇ ಇರುತ್ತದೆ, ಅವು ಮರಳಿ ಒಳನುಗ್ಗುವಾಗ ಒಂದು ಪ್ರೋಟಾನಿನೊಂದಿಗೆ ಒಂದು ಲ್ಯಾಕ್ಟೋಸ್ ಅಣುವೂ ಒಳಬರುತ್ತದೆ. ಇಂಥ ಪ್ರೋಟಾನ್ ಒತ್ತಡವೇ ಜೀವಕೋಶದ ಶಕ್ತಿಯ ಮುಖ್ಯ ನಾಣ್ಯವೆಂದು 1961ರಲ್ಲಿ ಪೀಟರ್ ಮಿಚೆಲ್ ಅವರು ಪ್ರತಿಪಾದಿಸಿದಾಗ ಹಲವರು ಒಪ್ಪಲಿಲ್ಲ. 1978ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿ ಬಂತು. ಎರಡನೆಯ ಬಗೆಯಲ್ಲಿ ಎರಡು ಪೊರೆಗಳ ನಡುವಿನ ಜಾಗದಲ್ಲಿ ಕಾದಿರುವ ಪ್ರೋಟೀನೊಂದು ಆಹಾರದ ಅಣುವನ್ನು ಹಿಡಿದು ದ್ವಾರಕ್ಕೆ ಒಪ್ಪಿಸುತ್ತದೆ, ದ್ವಾರವು ಎಟಿಪಿ ಎಂಬ ಶಕ್ತಿಯ ಅಣುವನ್ನು ಒಡೆದು ಅದನ್ನು ಒಳಕ್ಕೆ ತಳ್ಳುತ್ತದೆ. ಆಹಾರ ತೀರಾ ವಿರಳವಾಗಿದ್ದಾಗ ಕೆಲಸಕ್ಕೆ ಬರುವುದು ಈ ದುಬಾರಿ ಉಪಾಯವೇ. ಮೂರನೆಯದು 1964ರಲ್ಲಿ ಸಾಲ್ ರೋಸ್‌ಮನ್ ಅವರ ತಂಡ ಬೆಳಕಿಗೆ ತಂದದ್ದು: ಗ್ಲೂಕೋಸ್ ಅಣು ಪೊರೆ ದಾಟುತ್ತಿರುವಾಗಲೇ ಅದಕ್ಕೊಂದು ಫಾಸ್ಫೇಟ್ ಗುಂಪನ್ನು ಅಂಟಿಸಲಾಗುತ್ತದೆ. ಹೀಗೆ ರೂಪ ಬದಲಿಸಿದ ಅಣು ಹೊರಕ್ಕೆ ಸೋರಲಾರದು, ಮತ್ತು ಒಳಗಿನ ಪಚನಕ್ರಿಯೆಯ ಮೊದಲ ಹೆಜ್ಜೆಯೂ ಅದರೊಂದಿಗೇ ಮುಗಿದಿರುತ್ತದೆ. ಮಿತವ್ಯಯದಲ್ಲಿ ಇದನ್ನು ಮೀರಿಸುವ ಏರ್ಪಾಡು ಜೀವಲೋಕದಲ್ಲಿ ವಿರಳ.

ಸುತ್ತ ಆಹಾರವಿದ್ದ ಮಾತ್ರಕ್ಕೆ ಅದು ಆಹಾರವಾಗುವುದಿಲ್ಲ, ದ್ವಾರವಿದ್ದರೆ ಮಾತ್ರ ಆಗುತ್ತದೆ ಎಂಬುದನ್ನು ಅಮೆರಿಕದ ರಿಚರ್ಡ್ ಲೆನ್‌ಸ್ಕಿ ಅವರ ದೀರ್ಘ ಪ್ರಯೋಗ ಚೆನ್ನಾಗಿ ತೋರಿಸುತ್ತದೆ. 1988ರಲ್ಲಿ ಅವರು ಇ. ಕೋಲಿಯ ಹನ್ನೆರಡು ಸಮೂಹಗಳನ್ನು ಅಲ್ಪ ಗ್ಲೂಕೋಸಿನ ದ್ರಾವಣದಲ್ಲಿ ಬೆಳೆಸತೊಡಗಿದರು. ದಿನಕ್ಕೊಮ್ಮೆ ನೂರರಲ್ಲೊಂದು ಪಾಲನ್ನು ಹೊಸ ದ್ರಾವಣಕ್ಕೆ ವರ್ಗಾಯಿಸುವುದಷ್ಟೇ ಕೆಲಸ. ಆ ದ್ರಾವಣದಲ್ಲಿ ಗ್ಲೂಕೋಸಿಗಿಂತ ಬಹಳ ಹೆಚ್ಚು ಸಿಟ್ರೇಟ್, ಅಂದರೆ ನಿಂಬೆಯ ಹುಳಿಯಲ್ಲಿರುವ ಪದಾರ್ಥ, ಮೊದಲಿನಿಂದಲೂ ಇತ್ತು, ಆಮ್ಲಜನಕವಿರುವಾಗ ಇ. ಕೋಲಿ ಅದನ್ನು ತಿನ್ನಲಾರದು. ಒಳಗೆ ಅದನ್ನು ಪಚಿಸುವ ಕಿಣ್ವಗಳಿದ್ದವು, ಸಾಗಣೆ ಪ್ರೋಟೀನಿನ ವಂಶವಾಹಿಯೂ ಇತ್ತು, ಆದರೆ ಆಮ್ಲಜನಕದ ಸನ್ನಿಧಿಯಲ್ಲಿ ಆ ವಂಶವಾಹಿ ಕೆಲಸ ಮಾಡುತ್ತಿರಲಿಲ್ಲ. ಮೂವತ್ತು ಸಾವಿರಕ್ಕೂ ಹೆಚ್ಚು ತಲೆಮಾರುಗಳು ಹೀಗೆ ಊಟದ ನಡುವೆಯೇ ಅರೆಹೊಟ್ಟೆಯಲ್ಲಿ ಕಳೆದ ಮೇಲೆ, ಒಂದೇ ಒಂದು ಸಮೂಹದಲ್ಲಿ, ಆ ವಂಶವಾಹಿಯ ಇನ್ನೊಂದು ಪ್ರತಿ ಹುಟ್ಟಿ, ಆಮ್ಲಜನಕವಿದ್ದಾಗಲೂ ಚಾಲನೆಯಲ್ಲಿರುವ ಭಾಗವೊಂದರ ಪಕ್ಕಕ್ಕೆ ಬಂದು ಕೂತಿತು. ಅದಕ್ಕೆ ಮುನ್ನ ಆಗಿದ್ದ ಬೇರೆ ಮಾರ್ಪಾಡುಗಳೂ ನೆರವಾದವು. 2003ರಲ್ಲಿ ಆ ಒಂದು ಬುರುಡೆಯ ದ್ರಾವಣ ಉಳಿದವುಗಳಿಗಿಂತ ದಟ್ಟವಾಗಿ ಮಂಜಾಯಿತು. ಉಳಿದ ಹನ್ನೊಂದರಲ್ಲಿ ಆಗಲಿಲ್ಲ.

ಹಲವು ಬಗೆಯ ಆಹಾರಕ್ಕೆ ದ್ವಾರಗಳಿದ್ದಾಗ ಯಾವುದನ್ನು ಮೊದಲು ತೆರೆಯಬೇಕು ಎಂಬ ಪ್ರಶ್ನೆ ಹುಟ್ಟುತ್ತದೆ. ಇದಕ್ಕೆ ಉತ್ತರ ಸಿಕ್ಕಿದ್ದು ಜರ್ಮನ್ ಸೇನೆಯ ವಶದಲ್ಲಿದ್ದ ಪ್ಯಾರಿಸ್ ನಗರದಲ್ಲಿ. ಜಾಕ್ ಮೊನೊ ಎಂಬ ಯುವ ಜೀವವಿಜ್ಞಾನಿ ಸಾರ್ಬಾನ್ ವಿಶ್ವವಿದ್ಯಾಲಯದಲ್ಲಿ ಬ್ಯಾಕ್ಟೀರಿಯಗಳ ಬೆಳವಣಿಗೆಯ ಮೇಲೆ ಡಾಕ್ಟರೇಟ್ ಪ್ರಬಂಧ ಸಿದ್ಧಪಡಿಸುತ್ತ, ಜೊತೆಗೆ ಆಕ್ರಮಣದ ವಿರುದ್ಧದ ಭೂಗತ ಹೋರಾಟದಲ್ಲೂ ತೊಡಗಿಕೊಂಡಿದ್ದರು. ಎರಡು ಸಕ್ಕರೆಗಳನ್ನು ಒಟ್ಟಿಗೆ ಬೆರೆಸಿಕೊಟ್ಟಾಗ ಕೆಲವು ಜೋಡಿಗಳಲ್ಲಿ ಬೆಳವಣಿಗೆಯ ಗೆರೆ ಏರಿ, ಸ್ವಲ್ಪ ಹೊತ್ತು ಮಟ್ಟಸವಾಗಿ ನಿಂತು, ಮತ್ತೆ ಏರುವುದನ್ನು ಅವರು ಕಂಡರು. ಎರಡು ಹಂತದ ಈ ಬೆಳವಣಿಗೆಗೆ ಡಯಾಕ್ಸಿ ಎಂದು ಹೆಸರಿಟ್ಟರು. ಬ್ಯಾಕ್ಟೀರಿಯವು ಒಂದು ಸಕ್ಕರೆಯನ್ನು ಪೂರ್ತಿ ಮುಗಿಸಿ, ಎರಡನೆಯದಕ್ಕೆ ಬೇಕಾದ ಪ್ರೋಟೀನುಗಳನ್ನು ಹೊಸದಾಗಿ ಕಟ್ಟಿಕೊಳ್ಳುವವರೆಗೆ ತಡೆದು, ಆಮೇಲೆ ಎರಡನೆಯದಕ್ಕೆ ಕೈಹಾಕುತ್ತಿತ್ತು. ಪಾಸ್ಟರ್ ಸಂಸ್ಥೆಯ ಆಂದ್ರೆ ಲ್ವಾಫ್ ಅವರಿಗೆ ಈ ಗೆರೆಯನ್ನು ತೋರಿಸಿದಾಗ ಅವರು ಕೊಟ್ಟ ಸೂಚನೆಯೇ ಮೊನೊ ಅವರ ಮುಂದಿನ ಎರಡು ದಶಕಗಳ ದಿಕ್ಕನ್ನು ನಿರ್ಧರಿಸಿತು.

ಆ ಎರಡು ದಶಕಗಳ ಫಲವನ್ನು ಈಗ ಗ್ಲೂಕೋಸ್ ಮತ್ತು ಲ್ಯಾಕ್ಟೋಸಿನ ಜೋಡಿಯ ಮೂಲಕ ವಿವರಿಸುವುದು ರೂಢಿ. ಲ್ಯಾಕ್ಟೋಸ್ ಇಲ್ಲದಿದ್ದಾಗ ಅದರ ದ್ವಾರವನ್ನೂ ಅದನ್ನು ಒಡೆಯುವ ಕಿಣ್ವವನ್ನೂ ತಯಾರಿಸುವ ವಂಶವಾಹಿಗಳ ಮೇಲೆ ಒಂದು ನಿರೋಧಕ ಪ್ರೋಟೀನ್ ಕೂತು ಅವನ್ನು ಸುಮ್ಮನಿರಿಸುತ್ತದೆ. ಲ್ಯಾಕ್ಟೋಸ್ ಸಿಕ್ಕಿದಾಗ ಅದರಿಂದಲೇ ಹುಟ್ಟುವ ಅಣುವೊಂದು ಆ ನಿರೋಧಕವನ್ನು ಕೀಳುತ್ತದೆ. ಗ್ಲೂಕೋಸ್ ಒಳಬರುತ್ತಿರುವವರೆಗೂ, ಅದರ ಸಾಗಣೆಯಲ್ಲಿ ಭಾಗವಹಿಸುವ ಪ್ರೋಟೀನೇ ಹೋಗಿ ಲ್ಯಾಕ್ಟೋಸಿನ ದ್ವಾರಕ್ಕೆ ಅಂಟಿಕೊಂಡು ಅದನ್ನು ಮುಚ್ಚಿಡುತ್ತದೆ. ಒಂದು ದ್ವಾರದ ದಟ್ಟಣೆ ಇನ್ನೊಂದಕ್ಕೆ ಬೀಗ ಹಾಕುತ್ತದೆ ಎಂದಾಯಿತು. ವಂಶವಾಹಿಗಳು ಹೇಗೆ ಚಾಲೂ ಆಗುತ್ತವೆ, ಹೇಗೆ ನಿಲ್ಲುತ್ತವೆ ಎಂಬ ಬಗ್ಗೆ ಮನುಷ್ಯನಿಗೆ ದೊರೆತ ಮೊದಲ ಸ್ಪಷ್ಟ ಚಿತ್ರ ಇದೇ. 1965ರ ನೊಬೆಲ್ ಪ್ರಶಸ್ತಿ ಮೊನೊ, ಲ್ವಾಫ್ ಮತ್ತು ಫ್ರಾನ್ಸ್ವಾ ಜಾಕೋಬ್ ಮೂವರಿಗೂ ಸಂದಿತು. ಕ್ಯಾನ್ಸರಿನಿಂದ ಭ್ರೂಣದ ಬೆಳವಣಿಗೆಯವರೆಗೆ ಇಂದು ಬಳಕೆಯಲ್ಲಿರುವ ವಿಚಾರಕ್ರಮದ ಬೇರು ಬ್ಯಾಕ್ಟೀರಿಯದ ಊಟದ ಸರದಿಯಲ್ಲಿದೆಯೆಂಬುದನ್ನು ಮರೆಯುವಂತಿಲ್ಲ.

ಲ್ಯಾಕ್ಟೋಸಿನ ಇನ್ನೊಂದು ಕಥೆ ಕನ್ನಡಿಗರ ಅಡುಗೆಮನೆಯಲ್ಲೇ ದಿನವೂ ನಡೆಯುತ್ತದೆ. ಹಾಲಿನಲ್ಲಿ ಶೇ 5ಕ್ಕೆ ಸಮೀಪದಷ್ಟು ಲ್ಯಾಕ್ಟೋಸ್ ಇರುತ್ತದೆ. ಹೆಪ್ಪು ಹಾಕಿದಾಗ ಸೇರುವ ಬ್ಯಾಕ್ಟೀರಿಯಗಳು ಅದನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ, ಹುಳಿಯ ಮಟ್ಟ ಏರುತ್ತಿದ್ದಂತೆ ಕೇಸಿನ್ ಎಂಬ ಹಾಲಿನ ಪ್ರೋಟೀನು ಹೆಪ್ಪುಗಟ್ಟುತ್ತದೆ. ಕಾರ್ಖಾನೆಯ ಮೊಸರಿನಲ್ಲಿ ಹೆಚ್ಚಾಗಿ ಬಳಕೆಯಾಗುವ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಲ್ಯಾಕ್ಟೋಸನ್ನು ಒಳಕ್ಕೆ ತರುವ ರೀತಿ ಇ. ಕೋಲಿಯದಕ್ಕಿಂತ ಭಿನ್ನ: ಲ್ಯಾಕ್ಟೋಸ್ ಒಡೆದಾಗ ಬರುವ ಗ್ಲೂಕೋಸ್, ಗ್ಯಾಲಕ್ಟೋಸ್ ಎಂಬ ಎರಡು ಸಕ್ಕರೆಗಳಲ್ಲಿ ಅದು ಗ್ಲೂಕೋಸನ್ನು ಮಾತ್ರ ಬಳಸಿ, ಗ್ಯಾಲಕ್ಟೋಸನ್ನು ಹೊರಹಾಕುತ್ತ ಅದರ ಬದಲಿಗೇ ಹೊಸ ಲ್ಯಾಕ್ಟೋಸನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದರ ಜೊತೆಗಾರ ಲ್ಯಾಕ್ಟೋಬ್ಯಾಸಿಲಸ್ ಕೇಸಿನನ್ನು ಹೊರಗೇ ಕತ್ತರಿಸಿ ಇಬ್ಬರಿಗೂ ಸಾರಜನಕದ ತುಣುಕುಗಳನ್ನು ಒದಗಿಸುತ್ತದೆ, ಪ್ರತಿಯಾಗಿ ಮೊದಲನೆಯದರಿಂದ ಫಾರ್ಮಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಪಡೆಯುತ್ತದೆ. ಮೊಸರು ಆದಾಗ ಲ್ಯಾಕ್ಟೋಸಿನ ಹೆಚ್ಚಿನ ಪಾಲು ಇನ್ನೂ ಉಳಿದೇ ಇರುತ್ತದೆ. ಬೆಳವಣಿಗೆ ನಿಲ್ಲುವುದು ಆಹಾರ ಮುಗಿದದ್ದರಿಂದಲ್ಲ, ಅವುಗಳೇ ಹುಟ್ಟಿಸಿದ ಹುಳಿಯಿಂದ.

ಆಹಾರಕ್ಕೂ ಬೆಳವಣಿಗೆಯ ವೇಗಕ್ಕೂ ಇರುವ ಸಂಬಂಧವನ್ನು ಸೂತ್ರಕ್ಕೆ ಇಳಿಸಿದವರೂ ಮೊನೊ ಅವರೇ. ಆಹಾರದ ಸಾರತೆ, ಅಂದರೆ ನಿಗದಿತ ಪ್ರಮಾಣದ ನೀರಿನಲ್ಲಿ ಅದು ಎಷ್ಟು ಕರಗಿದೆ ಎಂಬುದು, ಕಡಿಮೆಯಿರುವಾಗ ವೇಗವು ಅದರೊಂದಿಗೆ ಏರುತ್ತದೆ. ದ್ವಾರಗಳೆಲ್ಲ ತುಂಬಿಹೋದ ಮೇಲೆ ಎಷ್ಟು ಸುರಿದರೂ ವೇಗ ಹೆಚ್ಚುವುದಿಲ್ಲ. ಈ ಸೂತ್ರವನ್ನು ಕೊಳಚೆ ನೀರು ಶುದ್ಧೀಕರಣ ಘಟಕಗಳ ವಿನ್ಯಾಸದಲ್ಲಿ ಇಂದಿಗೂ ಬಳಸುತ್ತಾರೆ. ವೇಗ ಬದಲಾದಂತೆ ಕೋಶದ ಮೈಯೂ ಬದಲಾಗುತ್ತದೆಯೆಂದು 1958ರಲ್ಲಿ ಕೋಪನ್‌ಹೇಗನ್‌ನ ಸಂಶೋಧಕರು ತೋರಿಸಿದರು: ಸಮೃದ್ಧಿಯಲ್ಲಿ ಬೆಳೆದ ಕೋಶ ದೊಡ್ಡದು, ಪ್ರೋಟೀನ್ ತಯಾರಿಸುವ ರೈಬೋಸೋಮುಗಳೂ ಅದರಲ್ಲಿ ಬಹಳ ಹೆಚ್ಚು. ಇ. ಕೋಲಿ ತನ್ನ ಇಡೀ ಡಿಎನ್‌ಎಯನ್ನು ನಕಲು ಮಾಡಲು ಸುಮಾರು 40 ನಿಮಿಷ, ಆಮೇಲೆ ಇಬ್ಭಾಗವಾಗಲು ಸುಮಾರು 20 ನಿಮಿಷ ಬೇಕೆಂದು 1968ರಲ್ಲಿ ಕೂಪರ್ ಮತ್ತು ಹೆಲ್ಮ್‌ಸ್ಟೆಟರ್ ಲೆಕ್ಕ ಹಾಕಿದರು. ಹಾಗಿದ್ದ ಮೇಲೆ 20 ನಿಮಿಷಕ್ಕೊಮ್ಮೆ ಒಡೆಯುವುದು ಹೇಗೆ? ಒಂದು ನಕಲು ಮುಗಿಯುವ ಮುನ್ನವೇ ಇನ್ನೊಂದು, ಅದರ ಮೇಲೆ ಮತ್ತೊಂದು ಆರಂಭವಾಗಿರುತ್ತದೆ. ಮೊಮ್ಮಕ್ಕಳ ಪಾಲಿನ ಡಿಎನ್‌ಎಯ ಕೆಲಸ ಅಜ್ಜಿಯ ಕೋಶದಲ್ಲೇ ಶುರುವಾಗಿರುತ್ತದೆ.

ಆಹಾರ ತೀರಿದಾಗ ಇದೆಲ್ಲವೂ ಕೆಲವೇ ನಿಮಿಷಗಳಲ್ಲಿ ಹಿಂದೆಗೆಯುತ್ತದೆ. ಅಮೈನೋ ಆಮ್ಲಗಳ ಕೊರತೆಯನ್ನು ರೈಬೋಸೋಮಿನ ಬಳಿಯಿರುವ ಕಿಣ್ವವೊಂದು ಗುರುತಿಸಿ ಎಚ್ಚರಿಕೆಯ ಅಣುವೊಂದನ್ನು ತಯಾರಿಸುತ್ತದೆ, ಅದರಿಂದ ಹೊಸ ರೈಬೋಸೋಮುಗಳ ತಯಾರಿಕೆ ನಿಂತು, ಕೋಶವು ತಾಳಿಕೊಳ್ಳುವ ಸ್ಥಿತಿಗೆ ಸರಿಯುತ್ತದೆ. ನಿಸರ್ಗದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಗಳ ಹೆಚ್ಚಿನ ಆಯುಷ್ಯ ಕಳೆಯುವುದು ಇಂಥ ಸ್ಥಿತಿಯಲ್ಲೇ. ಸಾಗರದ ಮೇಲ್ಪದರದ ಸೂಕ್ಷ್ಮಜೀವಿಗಳಲ್ಲಿ ದೊಡ್ಡ ಪಾಲು ಹೊಂದಿರುವ, 2002ರಲ್ಲಿ ಮೊದಲ ಬಾರಿಗೆ ಪ್ರಯೋಗಾಲಯದಲ್ಲಿ ಬೆಳೆಸಲಾದ ಪೆಲಾಜಿಬ್ಯಾಕ್ಟರ್‌ಗೆ ಒಡೆಯಲು ಒಂದು ದಿನಕ್ಕೂ ಹೆಚ್ಚು ಬೇಕು. ಸಮೃದ್ಧ ದ್ರಾವಣದಲ್ಲಿ ಅದು ಬೆಳೆಯುವುದೇ ಇಲ್ಲ. ದಕ್ಷಿಣ ಪೆಸಿಫಿಕ್‌ನ ತಳದ, ಹತ್ತು ಕೋಟಿ ವರ್ಷ ಹಳೆಯ ಕೆಸರಿನಿಂದ ತೆಗೆದ ಸೂಕ್ಷ್ಮಜೀವಿಗಳು ಆಹಾರ ಕೊಟ್ಟಾಗ ಅದನ್ನು ಹೀರಿ ಒಡೆಯತೊಡಗಿದವೆಂದು ಜಪಾನಿನ ಸಂಶೋಧಕರು 2020ರಲ್ಲಿ ವರದಿ ಮಾಡಿದರು.

ಮನುಷ್ಯದೇಹವೂ ಬ್ಯಾಕ್ಟೀರಿಯದ ಪಾಲಿಗೆ ಒಂದು ಬಗೆಯ ಬರಗಾಲದ ಸೀಮೆ, ಮುಖ್ಯವಾಗಿ ಕಬ್ಬಿಣದ ವಿಷಯದಲ್ಲಿ. ಒಂದು ಕೋಶಕ್ಕೆ ಲಕ್ಷದಿಂದ ಹತ್ತು ಲಕ್ಷದವರೆಗೆ ಕಬ್ಬಿಣದ ಪರಮಾಣುಗಳು ಬೇಕು. ಆದರೆ ರಕ್ತದಲ್ಲಿ ಟ್ರಾನ್ಸ್‌ಫೆರಿನ್, ಹಾಲು ಮತ್ತು ಕಣ್ಣೀರಿನಲ್ಲಿ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನುಗಳು ಕಬ್ಬಿಣವನ್ನು ಬಿಗಿಯಾಗಿ ಹಿಡಿದಿರುವುದರಿಂದ ಬಿಡಿಯಾಗಿ ಸಿಗುವ ಕಬ್ಬಿಣ ಇಲ್ಲವೆಂದೇ ಹೇಳಬೇಕು. ಇದಕ್ಕೆ ಬ್ಯಾಕ್ಟೀರಿಯದ ಉತ್ತರ ಸಿಡೆರೊಫೋರ್, ಅಂದರೆ ಕಬ್ಬಿಣವನ್ನು ಹಿಡಿದು ತರಲು ಅದು ಹೊರಕ್ಕೆ ಕಳಿಸುವ ಚಿಕ್ಕ ಅಣು. 1970ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡ ಎಂಟೆರೊಬ್ಯಾಕ್ಟಿನ್ ಕಬ್ಬಿಣವನ್ನು ಹಿಡಿಯುವ ಬಲದಲ್ಲಿ ಟ್ರಾನ್ಸ್‌ಫೆರಿನ್ನನ್ನು ಬಹುದೂರ ಹಿಂದಿಕ್ಕುತ್ತದೆ. ಕಬ್ಬಿಣ ಹೊತ್ತ ಈ ಅಣು ಪೋರಿನ್ ಕಿಂಡಿಗೆ ಹಿಡಿಸದಷ್ಟು ದೊಡ್ಡದಾದ್ದರಿಂದ ಹೊರಪೊರೆಯಲ್ಲಿ ಅದಕ್ಕೇ ಮೀಸಲಾದ ದ್ವಾರವಿದೆ, ಆ ದ್ವಾರವನ್ನು ತೆರೆಯುವ ಶಕ್ತಿ ಹೊರಪೊರೆಯಲ್ಲಿ ಇಲ್ಲದ್ದರಿಂದ ಒಳಪೊರೆಯಿಂದ ಚಾಚಿಕೊಂಡ ಇನ್ನೊಂದು ಪ್ರೋಟೀನು ಅದನ್ನು ಒದಗಿಸುತ್ತದೆ. ಒಳಗೆ ಬಂದ ಮೇಲೆ ಕಬ್ಬಿಣವನ್ನು ಬಿಡಿಸಲು ಎಂಟೆರೊಬ್ಯಾಕ್ಟಿನ್ನನ್ನೇ ತುಂಡರಿಸಬೇಕಾಗುತ್ತದೆ. ದೇಹ ಇಷ್ಟಕ್ಕೆ ಸೋಲುವುದಿಲ್ಲ: ಲಿಪೊಕ್ಯಾಲಿನ್ ಎಂಬ ಪ್ರೋಟೀನಿನಿಂದ ಎಂಟೆರೊಬ್ಯಾಕ್ಟಿನ್ನನ್ನು ದಾರಿಯಲ್ಲೇ ಹಿಡಿಯುತ್ತದೆ. ಸಾಲ್ಮೊನೆಲ್ಲ ತನ್ನ ಸಿಡೆರೊಫೋರಿಗೆ ಗ್ಲೂಕೋಸನ್ನು ಅಂಟಿಸಿ, ಲಿಪೊಕ್ಯಾಲಿನ್ನಿನ ಹಿಡಿತಕ್ಕೆ ಸಿಗದಂತೆ ಮಾಡಿಕೊಳ್ಳುತ್ತದೆ.

ಈ ದ್ವಾರವನ್ನೇ ಚಿಕಿತ್ಸೆಗೆ ಬಳಸುವ ಯತ್ನಗಳಲ್ಲಿ ಫಲ ಕಂಡದ್ದು ಜಪಾನಿನ ಶಿಯೊನೊಗಿ ಕಂಪನಿ ರೂಪಿಸಿದ ಸೆಫಿಡೆರೊಕಾಲ್ ಎಂಬ ಪ್ರತಿಜೀವಕ. ಈ ಔಷಧದ ಅಣುವಿನ ಒಂದು ತುದಿ ಸಿಡೆರೊಫೋರಿನಂತೆ ಕಬ್ಬಿಣವನ್ನು ಹಿಡಿಯುತ್ತದೆ, ಹಸಿದ ಬ್ಯಾಕ್ಟೀರಿಯ ಅದನ್ನು ತಾನೇ ಶಕ್ತಿ ವ್ಯಯಿಸಿ ಒಳಗೆಳೆದುಕೊಳ್ಳುತ್ತದೆ, ಉಳಿದ ಭಾಗ ಕೋಶಭಿತ್ತಿಯ ನಿರ್ಮಾಣವನ್ನು ಕೆಡಿಸುತ್ತದೆ. ಬೇರೆ ಪ್ರತಿಜೀವಕಗಳಿಗೆ ಬಗ್ಗದ ಬ್ಯಾಕ್ಟೀರಿಯಗಳಿಂದ ಬರುವ ಜಟಿಲ ಮೂತ್ರಮಾರ್ಗದ ಸೋಂಕುಗಳಿಗೆ ಅದನ್ನು ಬಳಸಲು ಅಮೆರಿಕದಲ್ಲಿ 2019ರಲ್ಲಿ ಅನುಮತಿ ದೊರೆಯಿತು. ಅದಕ್ಕೂ ಜಗ್ಗದ ತಳಿಗಳು ಆಸ್ಪತ್ರೆಗಳಲ್ಲಿ ಈಗಾಗಲೇ ಕಾಣಿಸಿಕೊಂಡಿದ್ದು, ಅವುಗಳಲ್ಲಿ ಕೆಲವು ಕಬ್ಬಿಣದ ದ್ವಾರಗಳಲ್ಲೊಂದನ್ನು ಕಳೆದುಕೊಂಡೇ ಔಷಧದಿಂದ ತಪ್ಪಿಸಿಕೊಂಡಿವೆ.